ನೀಲಿ ಜಾಕ್‌ನಲ್ಲಿ ಸದ್ದೇ ಇಲ್ಲ: ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ?

ಕ್ಯಾಸೆಟ್ ಪೆಟ್ಟಿಗೆ (ಬದಿಯಡ್ಕ) ಕೇಳಿದ ಪ್ರಶ್ನೆ:

ಮಾನ್ಯರೇ,

ನಮ್ಮೂರಿನ ವಾಚನಾಲಯದ ಕಪಾಟಿನಲ್ಲಿ ತಾಳಮದ್ದಳೆಯ ಕ್ಯಾಸೆಟ್‌ಗಳು ಎರಡು ಪೆಟ್ಟಿಗೆ ತುಂಬ ಇವೆ. 1980ರ ಮತ್ತು 1990ರ ದಶಕಗಳಲ್ಲಿ ಕುಂಬಳೆ ಸೀಮೆಯ ಬೇರೆ ಬೇರೆ ಕೂಟಗಳಿಗೆ ಹೋಗಿದ್ದ ಊರವರು ಭಾಗವತರ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡು ಬಂದವು ಅವು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಇರುವ ಕೆಲವು ಕ್ಯಾಸೆಟ್‌ಗಳೂ ಅವುಗಳ ನಡುವೆ ಇವೆ. ಕಳೆದ ಮಳೆಗಾಲದ ತೇವಕ್ಕೆ ನಾಲ್ಕೈದು ಕ್ಯಾಸೆಟ್‌ಗಳಲ್ಲಿ ಸುರುಳಿಯ ಅಂಚಿಗೆ ಬಿಳಿ ಬೂಸ್ಟು ಹಿಡಿದದ್ದನ್ನು ಕಂಡ ಮೇಲೆ, ಇನ್ನು ತಡಮಾಡಬಾರದೆಂದು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೊರಟಿದ್ದೇನೆ. ನಾನು ನಿವೃತ್ತ ಅಧ್ಯಾಪಕ. ಕಂಪ್ಯೂಟರಿನ ಒಳಗಿನ ಸಂಗತಿಗಳು ನನಗೆ ಅಷ್ಟಾಗಿ ತಿಳಿಯವು.

ಕಂಪ್ಯೂಟರ್ ಹಳೆಯ ಡೆಸ್ಕ್‌ಟಾಪ್. ಮದರ್‌ಬೋರ್ಡಿನಲ್ಲೇ ಸೌಂಡ್ ಇದೆ, ರಿಯಲ್‌ಟೆಕ್ ಎಎಲ್‌ಸಿ887 ಎಂದು ತೋರಿಸುತ್ತದೆ. ಹಿಂಬದಿಯಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣದ ಮೂರು ಜಾಕ್‌ಗಳಿವೆ. ಮುಂಭಾಗದಲ್ಲಿ ಹೆಡ್‌ಫೋನ್ ಮತ್ತು ಮೈಕಿಗೆಂದು ಇನ್ನೆರಡು. ಮೊದಲು ಇದರಲ್ಲಿ ವಿಂಡೋಸ್ 7 ಇತ್ತು. ಆಗ ನೀಲಿ ಜಾಕ್‌ಗೆ ವಯರು ಚುಚ್ಚಿದ ಕೂಡಲೇ, ಯಾವ ಸಾಧನವನ್ನು ಜೋಡಿಸಿದ್ದೀರಿ ಎಂದು ಕೇಳುವ ಸಣ್ಣ ಕಿಟಕಿ ತೆರೆದುಕೊಳ್ಳುತ್ತಿತ್ತು, ಕೆಲಸವೂ ಆಗುತ್ತಿತ್ತು. ಈಗ ಅದರ ಬದಲಿಗೆ ನಮ್ಮ ಕೇರಳದ ಶಾಲೆಗಳಲ್ಲಿ ಬಳಸುವ ಕೈಟ್ ಗ್ನೂ-ಲಿನಕ್ಸ್ 22.04 ಹಾಕಿಸಿದ್ದೇವೆ. ಕ್ಯಾಸೆಟ್ ನುಡಿಸುವುದು ರೇಡಿಯೋ ಮತ್ತು ಟೇಪ್ ಎರಡೂ ಇರುವ ಒಂದು ಹಳೆಯ ಟೂ-ಇನ್-ಒನ್‌ನಲ್ಲಿ. ಅದರ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಎರಡೂ ತುದಿಯಲ್ಲಿ ಸಣ್ಣ ಪಿನ್ ಇರುವ ವಯರನ್ನು ಎಳೆದಿದ್ದೇನೆ.

ತೊಂದರೆ ಹೀಗಿದೆ. ನೀಲಿ ಜಾಕ್‌ಗೆ ಚುಚ್ಚಿದರೆ ಏನೂ ಇಲ್ಲ. ದನಿಯನ್ನು ರೆಕಾರ್ಡ್ ಮಾಡುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಗೆರೆ ನೇರವಾಗಿಯೇ ಹೋಗುತ್ತದೆ. ಗುಲಾಬಿ ಜಾಕ್‌ಗೆ ಚುಚ್ಚಿದರೆ ದನಿ ಬರುತ್ತದೆ, ಆದರೆ ಒಡೆದ ಮಡಕೆಯಂತೆ ಕೇಳುತ್ತದೆ, ಅದೂ ಎಡಗಡೆ ಮಾತ್ರ. ಮುಂಭಾಗದ ಜಾಕ್‌ಗೆ ಹೆಡ್‌ಫೋನ್ ಹಾಕಿದರೂ ಹಿಂಬದಿಯ ಸ್ಪೀಕರ್ ನಿಲ್ಲುವುದಿಲ್ಲ. ಡ್ರೈವರ್ ಹಾಳಾಗಿರಬೇಕೆಂದು ಯಾರೋ ಹೇಳಿದ್ದರಿಂದ ಮೂರು ಸಲ ತೆಗೆದು ಮತ್ತೆ ಹಾಕಿದೆ. ರಿಪೇರಿಯ ಅಂಗಡಿಯಲ್ಲಿ ನೋಡಿದವರು ಸೌಂಡ್ ಕಾರ್ಡೇ ಹೋಗಿದೆ, ಹೊಸತನ್ನು ಕೊಂಡುಕೊಳ್ಳಿ ಎಂದರು. ಕೊಳ್ಳುವ ಮೊದಲು ತಿಳಿದವರನ್ನು ಕೇಳೋಣವೆಂದು ಇಲ್ಲಿ ಬರೆದಿದ್ದೇನೆ.


ಬೆಸುಗೆ (ಪೆರ್ಲ) ಬರೆದ ಉತ್ತರ:

ಮಾಸ್ಟ್ರೇ, ಕಾರ್ಡ್ ಹೋಗಿಲ್ಲ. ಗುಲಾಬಿ ಜಾಕ್‌ನಿಂದ ಒಳಗೆ ದನಿ ಬರುತ್ತಿದೆ, ಹಸಿರಿನಿಂದ ಹೊರಗೆ ಕೇಳುತ್ತಿದೆ ಎಂದಮೇಲೆ ಚಿಪ್ ಜೀವಂತವಾಗಿಯೇ ಇದೆ; ಹೊಸತಕ್ಕೆ ದುಡ್ಡು ಹಾಕಬೇಡಿ. ನೀಲಿಯ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಹೇಳಲಿ. ನಾನು ರೇಡಿಯೋ, ಟೇಪ್ ರಿಪೇರಿಯವನಾದ್ದರಿಂದ ಒಡೆದ ದನಿಯ ಮತ್ತು ಎಡಗಡೆಯ ಕಥೆಯನ್ನು ಮಾತ್ರ ಹೇಳುತ್ತೇನೆ.

ಗುಲಾಬಿ ಜಾಕ್ ಇರುವುದು ಮೈಕಿಗಾಗಿ. ಮೈಕಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟು ಸಣ್ಣದು. ಹಾಗಾಗಿ ಆ ದಾರಿಯಲ್ಲಿ ಅದನ್ನು ಹಿಗ್ಗಿಸುವ ಒಂದು ಘಟ್ಟವನ್ನು ಇಟ್ಟಿರುತ್ತಾರೆ, ಜೊತೆಗೆ ಮೈಕಿನ ಒಳಗಿನ ಪುಟ್ಟ ಟ್ರಾನ್ಸಿಸ್ಟರಿಗೆ ಬೇಕಾದ ಅಲ್ಪ ಡಿಸಿ ವಿದ್ಯುತ್ತನ್ನೂ ಅದೇ ಜಾಕ್‌ನಿಂದ ಹೊರಗೆ ಕೊಡುತ್ತಾರೆ. ಟೇಪ್ ಡೆಕ್ಕಿನಂಥ ಸಾಧನದ ಲೈನ್ ಸಂಕೇತವಾದರೋ ಸುಮಾರು ಮೂರನೆಯ ಒಂದು ವೋಲ್ಟಿನಷ್ಟು ಇರುತ್ತದೆ, ಇಯರ್‌ಫೋನ್ ತೂತಿನಿಂದ ಬರುವುದು ವಾಲ್ಯೂಮ್ ತಿರುಗಿಸಿದಂತೆ ಅದಕ್ಕಿಂತಲೂ ಹೆಚ್ಚಾಗಬಹುದು. ಇದನ್ನು ತೆಗೆದುಕೊಂಡು ಹೋಗಿ ಮೈಕಿನ ಜಾಕ್‌ಗೆ ಚುಚ್ಚಿ, ಅಲ್ಲಿ 30 ಡೆಸಿಬೆಲ್ ಬೂಸ್ಟ್ ಕೂಡ ಏರಿಸಿಟ್ಟಿದ್ದರೆ, ವೋಲ್ಟೇಜು ಸುಮಾರು 32 ಪಟ್ಟು ಹಿಗ್ಗಿ ಅಲೆಯ ನೆತ್ತಿಯೆಲ್ಲ ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆಯಾಗುತ್ತದೆ. ಆಡಾಸಿಟಿಯಲ್ಲಿ ಒಂದು ತುಣುಕನ್ನು ದೊಡ್ಡದು ಮಾಡಿ ನೋಡಿ, ಚೆಂಡೆಯ ಪೆಟ್ಟು ಇರುವಲ್ಲಿ ಗೆರೆ ಮೇಲೆ ಹೋಗಿ ಸಮತಟ್ಟಾಗಿ ನಿಂತಿರುತ್ತದೆ. ಹಾಗೆ ಹಾಳಾದ ಭಾಗವನ್ನು ಆಮೇಲೆ ಸರಿಪಡಿಸಲಾಗದು, ಮತ್ತೆ ನುಡಿಸಿಯೇ ಹಿಡಿಯಬೇಕು.

ಟರ್ಮಿನಲ್‌ನಲ್ಲಿ (ಆದೇಶಗಳನ್ನು ಬರೆಯುವ ಕಿಟಕಿಯಲ್ಲಿ) ಸದ್ದಿನ ಮಟ್ಟ ಹೊಂದಿಸುವ ತಂತ್ರಾಂಶದ ಹೆಸರನ್ನು, ಅಂದರೆ ಅಲ್ಸಾಮಿಕ್ಸರ್ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಎಫ್6 ಒತ್ತಿ ಕಾರ್ಡನ್ನು ಆರಿಸಿಕೊಳ್ಳಬೇಕು. ಕೆಲವು ಬೋರ್ಡ್‌ಗಳಲ್ಲಿ ಮೊದಲನೆಯದು ಮಾನಿಟರಿನ ಎಚ್‌ಡಿಎಂಐ ಆಗಿರುತ್ತದೆ, ಅದರಲ್ಲಿ ನಿಮಗೆ ಬೇಕಾದ ಯಾವುದೂ ಕಾಣಿಸದು. ಎಫ್5 ಒತ್ತಿದರೆ ಎಲ್ಲ ಕಂಬಗಳೂ ಒಟ್ಟಿಗೆ ಕಾಣುತ್ತವೆ. ರಿಯರ್ ಮೈಕ್ ಬೂಸ್ಟ್ ಎಂಬ ಕಂಬವನ್ನು ಸೊನ್ನೆಗೆ ಇಳಿಸಿ. ಕ್ಯಾಸೆಟ್ಟಿನ ಬೂಸ್ಟು ಬೇರೆ, ಮಿಕ್ಸರಿನ ಬೂಸ್ಟ್ ಬೇರೆ. ನಿಮ್ಮಲ್ಲಿ ಎರಡೂ ಇವೆ, ಎರಡನ್ನೂ ತೆಗೆಯಬೇಕು. ಕಂಬದ ಬುಡದಲ್ಲಿ ಎಮ್‌ಎಮ್ ಎಂದಿದ್ದರೆ ಅದರ ಬಾಯಿ ಮುಚ್ಚಿದೆ ಎಂದರ್ಥ, ಎಮ್ ಕೀಲಿ ಒತ್ತಿದರೆ ಅದು 00 ಆಗಿ ತೆರೆದುಕೊಳ್ಳುತ್ತದೆ.

ಇನ್ನು ಎಡಗಡೆ ಮಾತ್ರ ದನಿ ಬರುವುದಕ್ಕೆ ಕಂಪ್ಯೂಟರ್ ಕಾರಣವಲ್ಲ. ಹಳೆಯ ಟೂ-ಇನ್-ಒನ್‌ಗಳಲ್ಲಿ ಇಯರ್‌ಫೋನಿನ ತೂತು ಹೆಚ್ಚಾಗಿ ಮೊನೊ, ಅಂದರೆ ಎಡ ಬಲ ಎಂದಿಲ್ಲದೆ ಒಂದೇ ದನಿಯದು. ನಿಮ್ಮ ವಯರಿನ ಪಿನ್ ಅನ್ನು ಹತ್ತಿರದಿಂದ ನೋಡಿ: ಎರಡು ಕಪ್ಪು ಉಂಗುರಗಳಿದ್ದು ಲೋಹ ಮೂರು ಭಾಗವಾಗಿದ್ದರೆ ಅದು ಸ್ಟೀರಿಯೋ. ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡದ್ದು ಅರ್ತಿಗೆ. ಮೊನೊ ತೂತಿನೊಳಗೆ ಅರ್ತಿಗೆಂದು ಇರುವ ಲೋಹ ಪಿನ್ನಿನ ನಡುವಿನ ಉಂಗುರಕ್ಕೂ ತಾಗುವುದರಿಂದ ಬಲಗಡೆಯ ಸಂಕೇತ ಅರ್ತಿಗೆ ಹೋಗಿ ಸುಮ್ಮನಾಗುತ್ತದೆ. ಟೇಪಿನ ಕಡೆ ಮೊನೊ ಪಿನ್, ಕಂಪ್ಯೂಟರಿನ ಕಡೆ ಸ್ಟೀರಿಯೋ ಪಿನ್ ಹಾಕಿ, ಮೊನೊದ ತುದಿಯನ್ನು ಆ ಕಡೆ ಎಡ ಬಲ ಎರಡಕ್ಕೂ ಸೇರಿಸಿ ಬೆಸೆದರೆ ಸರಿಹೋಗುತ್ತದೆ. ಹತ್ತು ನಿಮಿಷದ ಕೆಲಸ. ಬೆಸೆಯಲು ಆಗದಿದ್ದರೆ ಈಗಿನಂತೆಯೇ ರೆಕಾರ್ಡ್ ಮಾಡಿ, ಆಮೇಲೆ ಆಡಾಸಿಟಿಯಲ್ಲಿ ಎರಡು ಪಟ್ಟಿಗಳನ್ನು ಬೇರ್ಪಡಿಸಿ ಖಾಲಿಯಾದ ಬಲಗಡೆಯದನ್ನು ಅಳಿಸಿಬಿಡಿ. ಹೇಗೂ ಕೂಟದಲ್ಲಿ ಒಂದೇ ಮೈಕಿನಿಂದ ಹಿಡಿದದ್ದು, ಅದರಲ್ಲಿ ಎಡ ಬಲ ಎಂಬುದಿಲ್ಲ.


ಕ್ಯಾಸೆಟ್ ಪೆಟ್ಟಿಗೆ:

ಬಹಳ ಉಪಕಾರವಾಯಿತು. ಮೈಕ್ ಬೂಸ್ಟ್ 30ರಲ್ಲೇ ಇತ್ತು, ಸೊನ್ನೆಗೆ ಇಳಿಸಿದ ಮೇಲೆ ಒಡೆತ ಬಹುಪಾಲು ಕಡಿಮೆಯಾಗಿದೆ, ಆದರೆ ಚೆಂಡೆ ಜೋರಾದಲ್ಲಿ ಈಗಲೂ ಕರಕರ ಎನ್ನುತ್ತದೆ. ಪಿನ್ನಿನ ವಿಚಾರ ನೀವು ಹೇಳಿದ ಹಾಗೆಯೇ ಇದೆ, ಎರಡು ಉಂಗುರಗಳಿವೆ. ಆದರೆ ಮಿಕ್ಸರಿನಲ್ಲಿ ಎಷ್ಟು ಹುಡುಕಿದರೂ ನೀಲಿ ಜಾಕ್‌ಗೆ ಸೇರಿದ ಲೈನ್ ಎಂಬ ಹೆಸರಿನ ಕಂಬವೇ ಇಲ್ಲ. ಫ್ರಂಟ್ ಮೈಕ್, ರಿಯರ್ ಮೈಕ್ ಎಂಬವು ಮಾತ್ರ ಇವೆ. ನೀಲಿ ಜಾಕ್ ಇದೆಯೆಂಬುದೇ ಕಂಪ್ಯೂಟರಿಗೆ ಗೊತ್ತಿಲ್ಲದ ಹಾಗೆ ಕಾಣುತ್ತದೆ.


ಮಧುವಾಹಿನಿ (ಕಾಸರಗೋಡು) ಬರೆದ ಉತ್ತರ:

ಮಾಸ್ಟ್ರೇ, ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರ ಇದೆ. ನೀಲಿ ಜಾಕ್ ಇರುವುದು ಕಂಪ್ಯೂಟರಿಗೆ ನಿಜಕ್ಕೂ ಗೊತ್ತಿಲ್ಲ. ಶಾಲೆಯ ಕಂಪ್ಯೂಟರ್ ಕೋಣೆಯ ಹೊಣೆ ನನ್ನ ಮೇಲಿರುವುದರಿಂದ ಇಂಥದ್ದೇ ಎರಡು ಯಂತ್ರಗಳನ್ನು ಸರಿಪಡಿಸಿದ ಅನುಭವವಿದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕಾರಣ ತಿಳಿದರೆ ಗುಂಡಿ ಒತ್ತುವ ಕೆಲಸ ಸುಲಭ.

ಮೊದಲನೆಯದಾಗಿ, ಡ್ರೈವರನ್ನು ಮೂರು ಸಲ ತೆಗೆದು ಹಾಕಿದ್ದರಿಂದ ಏನೂ ಆಗಲಿಲ್ಲವೆಂದರೆ ಅದು ಸಹಜ. ಲಿನಕ್ಸಿನಲ್ಲಿ ಈ ಬಗೆಯ ಸೌಂಡಿನ ಡ್ರೈವರ್ ಅದರ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ. ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್ ಎಂದು ಅದರ ಹೆಸರು. ಹೆಸರಿನಲ್ಲಿ ಇಂಟೆಲ್ ಎಂದಿರುವುದು, 2004ರಲ್ಲಿ ಆ ಕಂಪನಿ ಹಳೆಯ ಎಸಿ97 ಪದ್ಧತಿಯ ಬದಲಿಗೆ ತಂದ ಹೈ ಡೆಫಿನಿಷನ್ ಆಡಿಯೋ ಎಂಬ ಕ್ರಮದಿಂದಾಗಿ. ಬೇರೆ ಕಂಪನಿಗಳ ಚಿಪ್‌ಗಳಿಗೂ ಇದೇ ಡ್ರೈವರ್ ಸಾಕು. ಈ ಹೊಸ ಕ್ರಮದಲ್ಲಿ ಸದ್ದನ್ನು ಅಂಕೆಗಳಿಗೂ ಅಂಕೆಗಳನ್ನು ಸದ್ದಿಗೂ ಬದಲಿಸುವ ಕೋಡೆಕ್ ಚಿಪ್ಪಿನ ಯಾವ ಕಾಲು ಯಾವ ಜಾಕ್‌ಗೆ ಹೋಗುತ್ತದೆ ಎಂಬುದು ಮೊದಲೇ ನಿಶ್ಚಿತವಾಗಿರುವುದಿಲ್ಲ. ಚಿಪ್ ಮಾಡುವವರು ಹಲವು ಕಾಲುಗಳನ್ನು ಕೊಡುತ್ತಾರೆ, ಬೋರ್ಡ್ ಮಾಡುವವರು ತಮಗೆ ಬೇಕಾದಷ್ಟನ್ನು ಮಾತ್ರ ಜಾಕ್‌ಗಳಿಗೆ ಜೋಡಿಸಿ, ಯಾವ ಕಾಲಿಗೆ ಯಾವ ಬಣ್ಣದ ಯಾವ ಜಾಕ್ ಎಂಬ ಪಟ್ಟಿಯನ್ನು ಬಯಾಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಮೂಲಕ ಬರೆದಿಡುತ್ತಾರೆ. ಡ್ರೈವರ್ ಓದುವುದು ಆ ಪಟ್ಟಿಯನ್ನು, ಅದು ಸ್ಥಳ ತನಿಖೆಗೆ ಬರುವುದಿಲ್ಲ. ತೋಟದಲ್ಲಿ ಬಾವಿ ಕಣ್ಣೆದುರಿಗೇ ಇದ್ದರೂ ದಾಖಲೆಯಲ್ಲಿ ಇಲ್ಲದಿದ್ದರೆ ಪಂಪಿನ ಕನೆಕ್ಷನ್‌ಗೆ ಎಷ್ಟು ಅಲೆಯಬೇಕಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ, ಇದೂ ಹಾಗೆಯೇ.

ಹಾಗಾದರೆ ವಿಂಡೋಸಿನಲ್ಲಿ ಹೇಗೆ ನಡೆಯುತ್ತಿತ್ತು ಎಂದು ಕೇಳುವಿರಿ. ಬೋರ್ಡಿನ ಜೊತೆ ಬಂದ ಸಿಡಿಯಲ್ಲಿರುವ ವಿಂಡೋಸ್ ಡ್ರೈವರಿನ ಒಳಗೆ, ಬಯಾಸಿನ ಪಟ್ಟಿಯಲ್ಲಿ ತಪ್ಪಿದ್ದರೆ ಅದನ್ನು ಮೀರಿ ಸರಿಯಾದುದನ್ನು ಬರೆಯುವ ತಿದ್ದುಪಡಿಯೂ ಇರಬಹುದು. ಬೋರ್ಡ್ ಮಾಡಿದವರು ತಮ್ಮ ತಪ್ಪನ್ನು ಬಯಾಸಿನಲ್ಲಿ ತಿದ್ದುವ ಬದಲು ಸಿಡಿಯಲ್ಲಿ ತಿದ್ದಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಸೋಮಾರಿತನ, ಆದರೆ ಅಪರೂಪವಲ್ಲ.

ನಿಮ್ಮ ಯಂತ್ರದಲ್ಲಿ ಹೀಗೇ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಲು ಪಟ್ಟಿಯನ್ನೇ ಓದಬಹುದು. ಕಂಪ್ಯೂಟರಿನ ಮೂಲ ಫೋಲ್ಡರಿನಲ್ಲಿ ಪ್ರೋಕ್, ಅದರೊಳಗೆ ಅಸೌಂಡ್, ಅದರೊಳಗೆ ಕಾರ್ಡ್0, ಅದರೊಳಗೆ ಕೋಡೆಕ್#0 ಎಂಬ ಕಡತವಿದೆ. ಕಾರ್ಡ್0 ಎಂಬಲ್ಲಿ ಎಚ್‌ಡಿಎಂಐ ಇದ್ದರೆ ಕಾರ್ಡ್1 ನೋಡಿ; ಕಡತದ ಮೊದಲ ಸಾಲಿನಲ್ಲೇ ರಿಯಲ್‌ಟೆಕ್ ಎಂಬ ಹೆಸರು ಕಾಣಬೇಕು. ರಿಯಲ್‌ಟೆಕ್ಕಿನ ಈ ಸಾಲಿನ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಹಿಂಬದಿಯ ಹಸಿರಿಗೆ 14, ಗುಲಾಬಿಗೆ 18, ಮುಂಭಾಗದ ಮೈಕಿಗೆ 19, ನೀಲಿಗೆ 1ಎ, ಮುಂಭಾಗದ ಹೆಡ್‌ಫೋನಿಗೆ 1ಬಿ ಎಂಬ ಕಾಲುಗಳಿರುತ್ತವೆ. ಇವು ಹದಿನಾರರ ಎಣಿಕೆಯ ಅಂಕೆಗಳಾದ್ದರಿಂದ ನಡುವೆ ಅಕ್ಷರಗಳು ಬರುತ್ತವೆ. 1ಎ ಕಾಲಿನ ಕೆಳಗೆ ಪಿನ್ ಡಿಫಾಲ್ಟ್ ಎಂಬ ಸಾಲನ್ನು ಹುಡುಕಿ. ಅಲ್ಲಿ 411111ಎಫ್0 ಎಂದಿದ್ದರೆ ನನ್ನ ಊಹೆ ಸರಿ.

ಆ ಎಂಟು ಅಂಕೆಗಳ ಪ್ರತಿಯೊಂದಕ್ಕೂ ಅರ್ಥವಿದೆ. ಮೊದಲ 4 ಎಂದರೆ ಈ ಕಾಲಿಗೆ ಏನನ್ನೂ ಜೋಡಿಸಿಲ್ಲ. ಮುಂದಿನ 1 ಎಂದರೆ ಹಿಂಬದಿ, ಅದರ ಮುಂದಿನ 1 ಎಂದರೆ ಸ್ಪೀಕರ್, ಮತ್ತೊಂದು 1 ಎಂದರೆ ಮೂರೂವರೆ ಮಿಲಿಮೀಟರಿನ ಜಾಕ್, ಇನ್ನೊಂದು 1 ಎಂದರೆ ಕಪ್ಪು ಬಣ್ಣ. ಅಂದರೆ ನಿಮ್ಮ ನೀಲಿ ಜಾಕ್, ದಾಖಲೆಯ ಪ್ರಕಾರ, ಹಿಂಬದಿಯಲ್ಲಿರುವ ಆದರೆ ಇಲ್ಲದಿರುವ ಒಂದು ಕಪ್ಪು ಸ್ಪೀಕರ್! ಸರಿಯಾಗಿದ್ದರೆ ಅಲ್ಲಿ 01813040 ಎಂಬಂಥ ಸಂಖ್ಯೆ ಇರಬೇಕಿತ್ತು. ಮೊದಲ 0 ಎಂದರೆ ಜಾಕ್ ಇದೆ, 8 ಎಂದರೆ ಲೈನ್-ಇನ್, 3 ಎಂದರೆ ನೀಲಿ. ಗುಲಾಬಿಯ ಕಾಲಿನಲ್ಲಿ ಇದೇ ಸ್ಥಾನಗಳಲ್ಲಿ ಮೈಕಿಗೆ ಎ ಮತ್ತು ಗುಲಾಬಿಗೆ 9 ಇರುವುದನ್ನು ಹೋಲಿಸಿ ನೋಡಿ.

ತಿದ್ದುವ ಕ್ರಮ ಇದಕ್ಕಿಂತ ಸುಲಭ. ಸಾಫ್ಟ್‌ವೇರ್ ಪಟ್ಟಿಯಿಂದ ಅಲ್ಸಾ ಟೂಲ್ಸ್ ಜಿಯುಐ ಎಂಬ ಕಟ್ಟನ್ನು ಅನುಸ್ಥಾಪಿಸಿದರೆ ಎಚ್‌ಡಿಎ ಜಾಕ್ ರೀಟಾಸ್ಕ್ ಎಂಬ ತಂತ್ರಾಂಶ ಸಿಗುತ್ತದೆ. ತೆರೆದು, ಮೇಲ್ಭಾಗದಲ್ಲಿ ರಿಯಲ್‌ಟೆಕ್ ಕೋಡೆಕ್ಕನ್ನು ಆರಿಸಿ. ಮೊದಲ ನೋಟಕ್ಕೆ ನೀಲಿ ಕಾಣಿಸುವುದಿಲ್ಲ. ಬಲಬದಿಯಲ್ಲಿ ಜೋಡಿಸದ ಪಿನ್‌ಗಳನ್ನೂ ತೋರಿಸು ಎಂಬ ಚೌಕಕ್ಕೆ ಗುರುತು ಹಾಕಿದ ಮೇಲೆಯೇ 1ಎ ಪ್ರತ್ಯಕ್ಷವಾಗುತ್ತದೆ. ಅದರ ಪಕ್ಕದ ಓವರ್‌ರೈಡ್ ಚೌಕಕ್ಕೆ ಗುರುತು ಹಾಕಿ, ಕೆಳಗಿನ ಪಟ್ಟಿಯಿಂದ ಲೈನ್-ಇನ್ ಆರಿಸಿ. ಮೊದಲು ಈಗಲೇ ಅನ್ವಯಿಸು ಎಂಬುದನ್ನು ಒತ್ತಿ ಪರೀಕ್ಷಿಸಿ. ಆಡಾಸಿಟಿಯೋ ಬ್ರೌಸರೋ ಸೌಂಡನ್ನು ಹಿಡಿದುಕೊಂಡಿದ್ದರೆ ಅದು ದೋಷ ತೋರಿಸಬಹುದು, ಹಾಗಾದರೆ ಅವುಗಳನ್ನು ಮುಚ್ಚಿ ಮತ್ತೆ ಒತ್ತಿ. ಸರಿಯಾಯಿತೆಂದು ಕಂಡ ಮೇಲೆಯೇ ಬೂಟ್ ಓವರ್‌ರೈಡ್ ಸ್ಥಾಪಿಸು ಎಂಬುದನ್ನು ಒತ್ತಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ. ಇದು ಬಯಾಸನ್ನು ಮುಟ್ಟುವುದಿಲ್ಲ. ತಿದ್ದಿದ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದಿಟ್ಟು, ಪ್ರತಿ ಸಲ ಚಾಲೂ ಆಗುವಾಗ ಡ್ರೈವರಿಗೆ ಅದನ್ನು ಓದಲು ಕೊಡುತ್ತದೆ, ಅಷ್ಟೇ. ತಪ್ಪಾದರೆ ತೆಗೆದುಹಾಕುವ ಗುಂಡಿಯೂ ಅಲ್ಲೇ ಇದೆ, ಆದ್ದರಿಂದ ಹೆದರಬೇಕಾಗಿಲ್ಲ.

ಆಮೇಲೆ ಇನ್ನೊಂದು ಹೆಜ್ಜೆ ಬಾಕಿ ಇರುತ್ತದೆ, ಬಹಳ ಮಂದಿ ಎಡವುವುದು ಅಲ್ಲಿಯೇ. ಅಲ್ಸಾಮಿಕ್ಸರಿನಲ್ಲಿ ಲೈನ್ ಎಂಬ ಕಂಬ ಕಾಣಿಸಿಕೊಂಡು ಅದನ್ನು ಏರಿಸಿದರೆ ಟೇಪಿನ ದನಿ ಸ್ಪೀಕರಿನಲ್ಲಿ ಚೆನ್ನಾಗಿ ಕೇಳಬಹುದು, ಆದರೂ ಆಡಾಸಿಟಿಯಲ್ಲಿ ಗೆರೆ ಅಲುಗದಿರಬಹುದು. ಆ ಕಂಬ ಚಿಪ್ಪಿನೊಳಗೇ ಜಾಕ್‌ನಿಂದ ಜಾಕ್‌ಗೆ ನೇರ ದಾರಿ ತೆರೆಯುತ್ತದೆಯೇ ಹೊರತು ರೆಕಾರ್ಡಿಂಗಿಗೂ ಅದಕ್ಕೂ ಸಂಬಂಧವಿಲ್ಲ. ರೆಕಾರ್ಡಿಂಗಿಗೆ ಎಫ್4 ಒತ್ತಿ ಕ್ಯಾಪ್ಚರ್ ಪುಟಕ್ಕೆ ಹೋಗಿ, ಇನ್‌ಪುಟ್ ಸೋರ್ಸ್ ಎಂಬಲ್ಲಿ ಲೈನ್ ಬರುವವರೆಗೆ ಬಾಣದ ಕೀಲಿ ಒತ್ತಬೇಕು. ಇದರ ಮೇಲೆ ಪಲ್ಸ್‌ಆಡಿಯೋ ಎಂಬ ಇನ್ನೊಬ್ಬ ಯಜಮಾನ ಕುಳಿತಿರುವುದರಿಂದ, ಪಾವುಕಂಟ್ರೋಲ್ ಎಂಬ ತಂತ್ರಾಂಶ ಹಾಕಿಕೊಂಡು ಇನ್‌ಪುಟ್ ಡಿವೈಸಸ್ ಪುಟದಲ್ಲಿಯೂ ಲೈನ್-ಇನ್ ಎಂದೇ ಇದೆಯೇ ನೋಡಿ. ಇಲ್ಲದಿದ್ದರೆ ನೀವು ಆರಿಸಿದ್ದನ್ನು ಅದು ಬದಲಿಸಿಬಿಡುತ್ತದೆ.

ಮಟ್ಟ ಹೊಂದಿಸುವಾಗ ಭಾಗವತರ ಪದವನ್ನಾಗಲಿ ಅರ್ಥವನ್ನಾಗಲಿ ಕೇಳಿ ಹೊಂದಿಸಬೇಡಿ. ಕ್ಯಾಸೆಟ್ಟಿನಲ್ಲಿ ಚೆಂಡೆ ಜೋರಾಗಿರುವ ಒಂದು ಜಾಗವನ್ನು ಹುಡುಕಿ ಅಲ್ಲಿ ಅತಿ ಎತ್ತರದ ಪೆಟ್ಟು ಮೈನಸ್ 6 ಡೆಸಿಬೆಲ್ ಮೀರದಂತೆ ಟೇಪಿನ ವಾಲ್ಯೂಮನ್ನು ನಿಲ್ಲಿಸಿ. ಮಾತು ಮೆಲ್ಲಗೆ ಕೇಳಿದರೆ ಆಮೇಲೆ ಏರಿಸಬಹುದು.


ತಾಳವಾಡಿಯವ (ತಾಳವಾಡಿ) ಬರೆದ ಉತ್ತರ:

ಸರ್, ನಾನು ಈರೋಡ್ ಜಿಲ್ಲೆಯ ತಾಳವಾಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಮುಂಭಾಗದ ಜಾಕ್‌ಗಳ ಮಾತು ಉಳಿದುಹೋಗಿದೆ, ಅದನ್ನು ಹೇಳುತ್ತೇನೆ.

ಕರೆಂಟ್ ತೆಗೆದು, ಕ್ಯಾಬಿನೆಟ್ಟಿನ ಮುಚ್ಚಳ ಬಿಚ್ಚಿ, ಮುಂಭಾಗದ ಜಾಕ್‌ಗಳಿಂದ ಬರುವ ವಯರನ್ನು ಹಿಡಿದು ಬೋರ್ಡಿನವರೆಗೆ ಹೋಗಿ. ಹಲವು ಕ್ಯಾಬಿನೆಟ್ಟುಗಳಲ್ಲಿ ಒಂದೇ ವಯರಿನ ತುದಿಯಲ್ಲಿ ಎರಡು ಕನೆಕ್ಟರ್‌ಗಳಿರುತ್ತವೆ, ಒಂದರ ಮೇಲೆ ಎಸಿ97, ಇನ್ನೊಂದರ ಮೇಲೆ ಎಚ್‌ಡಿ ಆಡಿಯೋ ಎಂದು ಬರೆದಿರುತ್ತದೆ. ಎರಡೂ ಬೋರ್ಡಿನ ಅದೇ ಜಾಗಕ್ಕೆ ಕೂರುತ್ತವೆ. ಹತ್ತು ಪಿನ್ನುಗಳ ಜಾಗದಲ್ಲಿ ಎಂಟನೆಯದು ಇಲ್ಲದಿರುವುದರಿಂದ ತಿರುಗುಮುರುಗಾಗಿ ಕೂರುವುದಿಲ್ಲ, ಅಷ್ಟೇ. ಆದರೆ ಎಸಿ97 ಕನೆಕ್ಟರಿನಲ್ಲಿ, ಜಾಕ್‌ಗೆ ಪಿನ್ ಚುಚ್ಚಿದೆಯೋ ಇಲ್ಲವೋ ಎಂದು ಚಿಪ್ಪಿಗೆ ತಿಳಿಸುವ ತಂತಿ ಇರುವುದಿಲ್ಲ. ನೀವು ಹೆಡ್‌ಫೋನ್ ಹಾಕಿದ್ದೇ ಅದಕ್ಕೆ ತಿಳಿಯದು, ಮತ್ತೆ ಹಿಂಬದಿಯ ಸ್ಪೀಕರನ್ನು ಏಕೆ ನಿಲ್ಲಿಸುತ್ತದೆ? ಎಸಿ97 ಸಿಕ್ಕಿಸಿದ್ದರೆ ತೆಗೆದು ಎಚ್‌ಡಿ ಆಡಿಯೋ ಸಿಕ್ಕಿಸಿ. ಬಯಾಸಿನಲ್ಲಿಯೂ ಫ್ರಂಟ್ ಪ್ಯಾನೆಲ್ ಟೈಪ್ ಎಂಬ ಆಯ್ಕೆ ಇದ್ದರೆ ಎಚ್‌ಡಿ ಎಂದಿರಲಿ.

ಎಚ್‌ಡಿ ಕನೆಕ್ಟರೇ ಇಲ್ಲದ ಹಳೆಯ ಕ್ಯಾಬಿನೆಟ್ ಆಗಿದ್ದರೆ, ಅಲ್ಸಾಮಿಕ್ಸರಿನಲ್ಲಿ ಆಟೋ-ಮ್ಯೂಟ್ ಎಂಬುದನ್ನು ಬಿಟ್ಟು ಹಿಂಬದಿಯ ಸ್ಪೀಕರನ್ನು ಕೈಯಿಂದಲೇ ಮುಚ್ಚಿ ತೆರೆಯಬೇಕು, ಬೇರೆ ದಾರಿ ಇಲ್ಲ. ಮುಂಭಾಗದ ಮೈಕ್ ಕ್ಯಾಸೆಟ್ ಕೆಲಸಕ್ಕೆ ಬೇಡವಾದ್ದರಿಂದ ಅದನ್ನು ಮರೆತುಬಿಡಿ.


ಕ್ಯಾಸೆಟ್ ಪೆಟ್ಟಿಗೆ:

ಮಧುವಾಹಿನಿಯವರೇ, ಕಡತ ತೆರೆದು 1ಎ ಕಾಲಿನ ಕೆಳಗೆ 411111ಎಫ್0 ಎಂಬುದನ್ನು ಕಣ್ಣಾರೆ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ನೀವು ಹೇಳಿದ ಕಪ್ಪು ಸ್ಪೀಕರ್ ಅಲ್ಲಿಯೇ ಕುಳಿತಿತ್ತು. ಅದನ್ನು ಲೈನ್-ಇನ್ ಮಾಡಿ, ಇನ್‌ಪುಟ್ ಸೋರ್ಸ್ ಬದಲಿಸಿದೆ. ಮೊದಲ ಸಲ ಪಾವುಕಂಟ್ರೋಲನ್ನು ಮರೆತಿದ್ದರಿಂದ ಗೆರೆ ಅಲುಗಲಿಲ್ಲ, ಅದನ್ನೂ ಬದಲಿಸಿದ ಮೇಲೆ ದನಿ ತುಂಬಿಕೊಂಡು ಬಂತು. ಚೆಂಡೆಯ ಪೆಟ್ಟು ಈಗ ಪೆಟ್ಟಿನ ಹಾಗೆಯೇ ಕೇಳುತ್ತಿದೆ.

ತಾಳವಾಡಿಯವರು ಹೇಳಿದ್ದೂ ನಿಜ, ಎಸಿ97 ಎಂದು ಬರೆದದ್ದನ್ನೇ ಸಿಕ್ಕಿಸಿದ್ದರು. ಬದಲಿಸಿದೆ, ಈಗ ಹೆಡ್‌ಫೋನ್ ಹಾಕಿದ ಕೂಡಲೇ ಸ್ಪೀಕರ್ ಸುಮ್ಮನಾಗುತ್ತದೆ.

ಒಂದೇ ಒಂದು ತೊಂದರೆ ಉಳಿದಿದೆ. ಭಾಗವತರು ಪದ ನಿಲ್ಲಿಸಿ ಅರ್ಥಧಾರಿ ಮಾತು ತೆಗೆಯುವ ಮೊದಲಿನ ಮೌನದಲ್ಲಿ ಜೇನುಹುಳದಂಥ ಗುಂಯ್ ಎಂಬ ಸದ್ದು ಕೇಳುತ್ತದೆ. ಬೇರೆ ಬೇರೆ ಕ್ಯಾಸೆಟ್ ಹಾಕಿ ನೋಡಿದೆ, ಎಲ್ಲದರಲ್ಲೂ ಒಂದೇ ಮಟ್ಟದಲ್ಲಿದೆ. ಇದೂ ಡ್ರೈವರಿನ ಸೆಟ್ಟಿಂಗ್‌ನಿಂದ ಹೋಗುವುದೇ?


ಬೆಸುಗೆ:

ಹೋಗುವುದಿಲ್ಲ ಮಾಸ್ಟ್ರೇ. ಇದು ಕಂಪ್ಯೂಟರಿನ ಹೊರಗಿನದು, ಹಾಗಾಗಿ ಮತ್ತೆ ನನ್ನ ಪಾಲಿಗೆ ಬಂತು.

ಎರಡು ಪರೀಕ್ಷೆ ಮಾಡಿ. ಕ್ಯಾಸೆಟ್ಟನ್ನು ನಿಲ್ಲಿಸಿ, ಟೂ-ಇನ್-ಒನ್ ಚಾಲೂ ಇರುವಾಗ ಆ ಗುಂಯ್ ಸದ್ದನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ ಅನಲೈಸ್ ಪಟ್ಟಿಯಿಂದ ಪ್ಲಾಟ್ ಸ್ಪೆಕ್ಟ್ರಮ್ ಆರಿಸಿ ಎಲ್ಲಿ ಗುಡ್ಡದಂತೆ ಎದ್ದಿದೆ ನೋಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು. ಗುಡ್ಡ 50ರಲ್ಲಿ ಎತ್ತರವಾಗಿದ್ದರೆ ವಯರು ಕರೆಂಟಿನ ವಯರಿನ ಪಕ್ಕದಲ್ಲಿ ಹೋಗಿ ಅದನ್ನು ಹೀರುತ್ತಿದೆ, ಅಥವಾ ಅರ್ತಿನಲ್ಲಿ ಎಡವಟ್ಟಿದೆ. 100ರಲ್ಲಿ ಎತ್ತರವಾಗಿದ್ದರೆ ಟೂ-ಇನ್-ಒನ್‌ನ ಒಳಗೆ ಎಸಿಯನ್ನು ಡಿಸಿ ಮಾಡುವಲ್ಲಿ ಅಲೆ ಸರಿಯಾಗಿ ಸಮತಟ್ಟಾಗುತ್ತಿಲ್ಲ. ಎರಡೂ ಅರೆಅಲೆಗಳನ್ನು ಒಂದೇ ಬದಿಗೆ ಮಡಚುವುದರಿಂದ 50 ಎಂಬುದು 100 ಆಗುತ್ತದೆ. ಎರಡನೆಯ ಪರೀಕ್ಷೆ ಇನ್ನೂ ಸುಲಭ: ಕರೆಂಟಿನ ವಯರನ್ನು ಕಿತ್ತು, ಟಾರ್ಚಿನ ದೊಡ್ಡ ಶೆಲ್‌ಗಳನ್ನು ಹಾಕಿ ನುಡಿಸಿ. ಸದ್ದು ಸಂಪೂರ್ಣ ಹೋದರೆ ತಪ್ಪು ಟೂ-ಇನ್-ಒನ್‌ನ ಪವರ್ ಸಪ್ಲೈಯದು.

ಅಷ್ಟು ಹಳೆಯ ಸೆಟ್‌ಗಳಲ್ಲಿ ಆ ಅಲೆಯನ್ನು ಸಮತಟ್ಟು ಮಾಡುವ ಫಿಲ್ಟರ್ ಕಪಾಸಿಟರ್ ಒಣಗಿರುವುದು ಸಾಮಾನ್ಯ. ಅದನ್ನು ಬದಲಿಸಲು ಅದರ ಮೈಮೇಲೆ ಬರೆದಷ್ಟೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನದನ್ನು ಹಾಕಬೇಕು. ಗುರುತು ನೋಡದೆ ಉಲ್ಟಾ ಹಾಕಿದರೆ ಸಿಡಿಯುತ್ತದೆ. ರಿಪೇರಿಗೆ ಕಾಯಲು ಮನಸ್ಸಿಲ್ಲದಿದ್ದರೆ ಶೆಲ್‌ನಲ್ಲೇ ನುಡಿಸಿ. ಆದರೆ ಶೆಲ್ ಇಳಿದಂತೆ ಟೇಪಿನ ವೇಗವೂ ಇಳಿದು ಶ್ರುತಿ ಕೆಳಗೆ ಹೋಗುತ್ತದೆ, ಆದ್ದರಿಂದ ಶೆಲ್‌ಗಳನ್ನು ಮುಗಿಯುವವರೆಗೂ ಬಳಸಬೇಡಿ.

ಸದ್ದು ತಪ್ಪಿಸಲೆಂದು ಕಂಪ್ಯೂಟರಿನ ಮೂರು ಪಿನ್ನಿನ ಪ್ಲಗ್‌ನಿಂದ ಅರ್ತಿನ ಪಿನ್ ಮುರಿಯಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಕ್ಯಾಬಿನೆಟ್ ಮುಟ್ಟಿದರೆ ಹೊಡೆಯುತ್ತದೆ. ತುಲಾ ಮಾಸದ ಗುಡುಗು ಶುರುವಾದ ಮೇಲೆ ಸಂಜೆ ಹೊತ್ತು ರೆಕಾರ್ಡಿಂಗ್ ಬೇಡ. ಸಿಡಿಲು ಬಂದಾಗ ಪ್ಲಗ್ ಜೊತೆಗೆ ಆಡಿಯೋ ವಯರನ್ನೂ ಕಿತ್ತಿಡಿ. ಎರಡು ಯಂತ್ರಗಳನ್ನು ಜೋಡಿಸುವ ವಯರಿನ ದಾರಿಯಲ್ಲೂ ಸಿಡಿಲಿನ ವಿದ್ಯುತ್ತು ನುಗ್ಗುತ್ತದೆ.

ಬೂಸ್ಟು ಹಿಡಿದ ಆ ನಾಲ್ಕೈದನ್ನು ಮಾತ್ರ ಈಗಲೇ ನುಡಿಸಬೇಡಿ. ಅದು ಹೆಡ್ಡಿಗೆ ಅಂಟಿಕೊಂಡು ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಉಳಿದದ್ದು ಮುಗಿದ ಮೇಲೆ ನನ್ನಲ್ಲಿಗೆ ತನ್ನಿ, ಬಿಚ್ಚಿ ಒರೆಸಿ ಕೊಡುತ್ತೇನೆ.


ಕ್ಯಾಸೆಟ್ ಪೆಟ್ಟಿಗೆ:

ಗುಡ್ಡ 100ರಲ್ಲೇ ಇತ್ತು. ಆರು ಶೆಲ್ ಹಾಕಿ ನುಡಿಸಿದಾಗ ಗುಂಯ್ ಸದ್ದು ಪೂರ್ತಿ ಹೋಯಿತು. ಮೌನದಲ್ಲಿ ಈಗ ಟೇಪಿನ ಸಣ್ಣ ಸುಯ್ ಮಾತ್ರ ಇದೆ, ಅದರ ಹಿಂದೆ ಕೂಟದಲ್ಲಿ ಯಾರೋ ಕೆಮ್ಮುವುದೂ ಕೇಳುತ್ತದೆ. ಕಪಾಸಿಟರ್ ಬದಲಿಸಲು ಸೆಟ್ಟನ್ನು ಮುಂದಿನ ವಾರ ಪೆರ್ಲಕ್ಕೆ ತರುತ್ತೇನೆ, ಬೂಸ್ಟು ಹಿಡಿದ ಕ್ಯಾಸೆಟ್‌ಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ ಜೊತೆಗೇ ತರುತ್ತೇನೆ.

ಇವತ್ತು ಒಂದು ಕ್ಯಾಸೆಟ್ಟಿನ ಮೊದಲ ಬದಿಯನ್ನು ಪೂರ್ತಿ ಹಿಡಿದಾಯಿತು. 44.1 ಕಿಲೋಹರ್ಟ್ಸ್, 16 ಬಿಟ್, ಖಾಲಿ ಬಲಗಡೆಯನ್ನು ಅಳಿಸಿದ ಮೇಲೆ 45 ನಿಮಿಷಕ್ಕೆ ಸುಮಾರು 238 ಮೆಗಾಬೈಟ್ ಆಯಿತು. ನಮ್ಮಲ್ಲಿ ಯಂತ್ರಕ್ಕೆ ಆಗಾಗ ಹೊಸದಾಗಿ ಲಿನಕ್ಸ್ ಹಾಕುವ ಪದ್ಧತಿ ಇರುವುದರಿಂದ, 1ಎ ಕಾಲು, ಲೈನ್-ಇನ್, ರೀಟಾಸ್ಕ್ ಎಂಬಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದ್ದೇನೆ. ನೀಲಿ ಜಾಕ್‌ನ ಮೇಲೆ, ಇಲ್ಲಿಯೇ ಟೇಪ್ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಹಚ್ಚಿದ್ದೂ ಆಯಿತು.